ಸೊಸೆಯ ಬದಲು ನಾನು ಹಾಜರ್

ಆ ದಿನ ಕೋರ್ಟಿಗೆ ಯಾರೂ ಬರಲಿಲ್ಲ ಎಂದು ಬರೆದುಬಿಟ್ಟರಲ್ಲ, ಬರೆದವರ ಕಣ್ಣಿಗೆ ಏನಾಗಿತ್ತೋ ಕಾಣೆ. ಬಾಗಿಲು ತೆಗೆಯುವ ಮೊದಲೇ ಹೋಗಿ ಮುಂದಿನ ಬೆಂಚಿನಲ್ಲಿ ಕೂತವಳು ನಾನು. ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡಿದ್ದೆ. ಚೀಲದಲ್ಲಿ ದಂಡಕ್ಕೆ ದುಡ್ಡಿತ್ತು, ಕನ್ನಡಕವಿತ್ತು, ನೀರಿನ ಬಾಟಲಿಯಿತ್ತು. ಇಷ್ಟೆಲ್ಲ ಇಟ್ಟುಕೊಂಡು ಗೈರುಹಾಜರಾಗುವುದು ಹೇಗೆಂದು ಬಲ್ಲವರು ಯಾರಾದರೂ ತಿಳಿಸಿ ಹೇಳಲಿ.

ನನ್ನ ಸೊಸೆ ಕಾರು ಕಲಿಸುತ್ತಾಳೆ. ಸ್ವಂತ ದುಡಿಮೆಯಲ್ಲಿ ಕೊಂಡ ಬಿಳಿ ಕಾರು, ಅದರ ನೆತ್ತಿಯ ಮೇಲೊಂದು ಹಳದಿ ಫಲಕ, ಬೆಳಗಿನಿಂದ ಸಂಜೆಯವರೆಗೆ ಒಬ್ಬರಾದ ಮೇಲೊಬ್ಬರು ಶಿಷ್ಯರು. ನಾನು ಆಯಸ್ಸೆಲ್ಲ ಟೈಲರ್ ಅಂಗಡಿ ನಡೆಸಿದವಳು. ಮಾಲೀಕ ಕಟ್ಟಡ ಕೆಡವಿದ ಮೇಲೆ ಅಂಗಡಿ ಹೋಯಿತು, ಮನೆಯಲ್ಲಿ ಕೂತು ಗೋಡೆ ನೋಡುವ ಕೆಲಸ ಬಂತು. ಒಂದು ದಿನ ಸೊಸೆ, "ಅತ್ತೆ, ಹೊಲಿಗೆ ಮಿಷನ್ ತುಳಿದ ಕಾಲು ನಿಮ್ದು. ಕಾರು ಏನ್ ಮಹಾ, ಬನ್ನಿ" ಅಂದಳು. ಆಸ್ಪತ್ರೆಯಲ್ಲಿ ನರ್ಸಾಗಿರುವ ನನ್ನ ಮಗ ಪಕ್ಕದಲ್ಲೇ ಇದ್ದ. "ಮೊದ್ಲೇ ಹೇಳಿ ಅಮ್ಮ, ಒಂದು ಮಂಚ ಖಾಲಿ ಇಟ್ಟಿರ್ತೀನಿ" ಎಂದು ನಕ್ಕ. ಅವನು ನಕ್ಕನಲ್ಲ, ಅದಕ್ಕೇ ನಾನು ಕಲಿಯಲು ಹೊರಟಿದ್ದು.

ಚೆನ್ನಾಗಿಯೇ ಕಲಿಯುತ್ತಿದ್ದೆ. ಒಂದು ಬೆಳಿಗ್ಗೆ ಅಂಚೆ ಕಚೇರಿಯ ಹತ್ತಿರದ ನಾಲ್ಕು ರಸ್ತೆ ಕೂಡುವಲ್ಲಿ ಸಿಗ್ನಲ್ ಕೆಂಪಾಯಿತು. ಕೆಂಪಾದದ್ದು ನನಗೂ ಕಂಡಿತು. ಆದರೆ ಅಷ್ಟರಲ್ಲಿ ಕಾರು ಗೆರೆ ಸ್ವಲ್ಪ ದಾಟಿತ್ತು. ಸರಿ, ಪೂರಾ ದಾಟಿತ್ತು. ರಸ್ತೆಯಲ್ಲಿ ನರಪಿಳ್ಳೆಯೂ ಇರಲಿಲ್ಲ, ಮರದ ಹಿಂದೆ ನಿಂತಿದ್ದ ಪೊಲೀಸಿನವನೊಬ್ಬನನ್ನು ಬಿಟ್ಟು.

ಅವನು ಬರೆದುಕೊಂಡದ್ದು ಸೊಸೆಯ ಹೆಸರನ್ನು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಓಡಿಸಿದ್ದು ನಾನು ಕಣಪ್ಪ, ನನ್ನ ಹೆಸರು ಬರ್ಕೊ" ಅಂದೆ. "ಕಲಿಯೋರು ತಪ್ಪು ಮಾಡಿದ್ರೆ ಕಲಿಸೋರೇ ಹೊಣೆ ಅಜ್ಜಿ, ಕಾನೂನು ಹಂಗಿದೆ" ಎಂದು ಕೋರ್ಟಿನ ತಾರೀಕು ಬರೆದು ಅವಳ ಕೈಗೆ ಕೊಟ್ಟ. ಅಜ್ಜಿಯಂತೆ! ಅವನ ಮುಖಕ್ಕಿಷ್ಟು.

ನಮ್ಮ ಅಂಗಡಿಯಲ್ಲೊಂದು ಕಟ್ಟಳೆಯಿತ್ತು. ಬಟ್ಟೆ ಕೆಟ್ಟರೆ ಕತ್ತರಿ ಹಿಡಿದವರೇ ಗಿರಾಕಿಯ ಮುಂದೆ ನಿಲ್ಲಬೇಕು. ಅಂಗಡಿ ನನ್ನದೆಂದು ನಾನು ಯಾರ ಪರವಾಗಿಯೂ ನಿಲ್ಲುತ್ತಿರಲಿಲ್ಲ, ನನ್ನ ಕೈ ತಪ್ಪಿದಾಗ ಯಾರನ್ನೂ ಮುಂದೆ ದೂಡುತ್ತಲೂ ಇರಲಿಲ್ಲ. ಎದುರು ನಿಂತು 'ಕೆಡಿಸಿದ್ದು ನಾನೇ' ಎಂದರೆ ಜಗಳ ಅಲ್ಲಿಗೆ ಮುಗಿಯಿತು. ಉಪ್ಪು ತಿಂದವರು ನೀರು ಕುಡಿಯಲೇಬೇಕು, ಪಕ್ಕದಲ್ಲಿ ಕೂತವರಲ್ಲ. ಆದ್ದರಿಂದ ಸೊಸೆಗೆ ಹೇಳಿದೆ, "ಕೋರ್ಟಿಗೆ ನಾನು ಹೋಗ್ತೀನಿ. ನೀನು ಪಾಠ ಬಿಡ್ಬೇಡ." ಕೋರ್ಟಿನ ತಾರೀಕಿನ ದಿನವೇ ಅವಳ ಇಬ್ಬರು ಶಿಷ್ಯರಿಗೆ ಪರೀಕ್ಷೆಯಿತ್ತು. "ದಂಡ ಕಟ್ಟೋದು ತಾನೇ, ಮನೇವ್ರು ಯಾರು ಹೋದ್ರೂ ಆಗ್ಬಹುದು" ಎಂದು ಅವಳೂ ಒಪ್ಪಿದಳು.

ಹೋದೆ. ಸೊಸೆಯ ಹೆಸರು ಕೂಗಿದ ಕೂಡಲೇ ಎದ್ದು ನಿಂತು, ಹಿಂದಿನ ಸಾಲಿಗೂ ಕೇಳುವ ಹಾಗೆ, "ಬಂದಿದೀನಿ! ತಪ್ಪು ನಂದೇ!" ಅಂದೆ. ಹೆಸರು ಕೂಗುವ ದಫೇದಾರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅವರೇನಾ ನೀವು?" ಎಂದು ಕೇಳಿದ. "ಅಲ್ಲ, ಅವಳ ಅತ್ತೆ" ಅಂದೆ. ಜನ ನಕ್ಕರು. "ಕೂತ್ಕೊಳಿ" ಅಂದ. ಕೂತೆ. ಮತ್ತೆ ಕೂಗಿದ, ಮತ್ತೆ ಎದ್ದೆ, ಮತ್ತೆ ಕೂರಿಸಿದ. ಆಮೇಲೆ ಬೇರೆಯವರ ಸರದಿ ಬಂತು. ನ್ಯಾಯಾಧೀಶರ ಎದುರಿಗೇ ತಪ್ಪೊಪ್ಪಿಕೊಂಡಿದ್ದೇನೆ, ಯಾರೂ ತಿರುಗಿ ಒಂದು ಮಾತು ಆಡಲಿಲ್ಲ, ದಂಡವನ್ನೂ ಕೇಳಲಿಲ್ಲ. ನನ್ನ ನೇರ ನುಡಿ ಮೆಚ್ಚಿ ಬಿಟ್ಟುಬಿಟ್ಟರು ಎಂದುಕೊಂಡೆ. ಮನೆಗೆ ಬಂದು, "ಕಾಸು ಖರ್ಚಿಲ್ಲದೆ ಮುಗಿಸ್ಕೊಂಡ್ ಬಂದೆ ನೋಡು" ಎಂದು ಸೊಸೆಯ ಮುಂದೆ ಜಂಬ ಕೊಚ್ಚಿದೆ. ಅವಳು ನನ್ನ ಮಾತನ್ನು ನಂಬಿದಳು.

ಕೆಲವು ವಾರಗಳ ಮೇಲೆ ಲೈಸೆನ್ಸ್ ಕಚೇರಿಯಿಂದ ಪತ್ರ ಬಂತು. ಕೋರ್ಟಿಗೆ ಹಾಜರಾಗದ ಕಾರಣ ಸೊಸೆಯ ಲೈಸೆನ್ಸು ಅಮಾನತು, ಮುಂದಿನ ಆದೇಶದವರೆಗೆ ಓಡಿಸುವಂತಿಲ್ಲ, ಕಲಿಸುವಂತಿಲ್ಲ.

ಅಡುಗೆಮನೆಯಲ್ಲಿ ನಿಂತು ಓದಿದಳು. ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. ಅವಳು ಕಾರಿನ ಬೀಗದ ಕೈಯನ್ನು ಮೊಳೆಗೆ ತಗುಲಿಸಿ, ಶಿಷ್ಯರಿಗೆ ಒಬ್ಬೊಬ್ಬರಿಗೇ ಫೋನು ಮಾಡತೊಡಗಿದಳು. ತಿಂಗಳ ಕೊನೆಗೆ ಪರೀಕ್ಷೆ ಇದ್ದವರು ಬೇರೆ ಕಡೆ ಸೇರಿಕೊಳ್ಳುತ್ತೇವೆ ಅಂದರು. ಎಷ್ಟೋ ವರ್ಷ ಕಷ್ಟಪಟ್ಟು ಗಳಿಸಿದ ಹೆಸರು ಒಂದು ಮಧ್ಯಾಹ್ನದಲ್ಲಿ ಬಾಗಿಲು ದಾಟಿ ಹೋಗುತ್ತಿತ್ತು. ಅಂಗಡಿ ಕಳೆದುಕೊಂಡವಳಿಗೆ ಅದೆಂಥ ಸಂಕಟವೆಂದು ಯಾರೂ ಹೇಳಿಕೊಡಬೇಕಿಲ್ಲ.

"ಅಮ್ಮ, ಯಾರೂ ಹೋಗ್ಲೇ ಇಲ್ಲ ಅಂತ ಬರ್ದಿದಾರೆ" ಅಂದ ಮಗ.

"ಹೋಗಿದ್ದೆ."

"ಹೋಗಿದ್ರಿ, ಗೊತ್ತು. ಆದ್ರೆ ಅವ್ರಿಗೆ ಬೇಕಾಗಿದ್ದು ನೀವಲ್ಲ."

ಹೆತ್ತ ಮಗನ ಬಾಯಲ್ಲಿ ಇಂಥ ಮಾತು! ಆದರೂ ಸುಳ್ಳಲ್ಲವಲ್ಲ, ನುಂಗಿಕೊಂಡೆ.

ಮರುದಿನದಿಂದ ನಾನೂ ಸೊಸೆಯೂ ಬಸ್ಸು ಹತ್ತಿದೆವು. ಲೈಸೆನ್ಸ್ ಕಚೇರಿಯವರು ಕೋರ್ಟು ಹೇಳದೆ ನಾವು ಅಮಾನತು ತೆಗೆಯುವಂತಿಲ್ಲ ಅಂದರು. ಕೋರ್ಟಿನ ಕಚೇರಿಯವರು ಯಾಕೆ ಬರಲಿಲ್ಲ ಎಂದು ಅರ್ಜಿ ಬರೆದುಕೊಡಿ, ನ್ಯಾಯಾಧೀಶರು ಕೇಳಿ ತೀರ್ಮಾನಿಸುತ್ತಾರೆ ಅಂದರು. ಮೆಟ್ಟಿಲ ಮೇಲೆ ಒಬ್ಬ ವಕೀಲ, "ಜ್ವರ ಬಂದಿತ್ತು ಅಂತ ಬರ್ದುಬಿಡೋಣ, ಡಾಕ್ಟ್ರ ಚೀಟಿ ನಾನು ಕೊಡಿಸ್ತೀನಿ" ಎಂದು ಹಿಂದೆ ಬಿದ್ದ. "ನನ್ನ ಸೊಸೆಗೆ ಜ್ವರ ಬರ್ಸೋಕೆ ನೀನ್ಯಾರಯ್ಯ?" ಅಂದೆ. ಆಮೇಲೆ ಅವನು ನಮ್ಮ ದಾರಿಗೆ ಬರಲಿಲ್ಲ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಾರೆ. ಅಂದವರು ನಮ್ಮಿಬ್ಬರನ್ನು ನೋಡಿರಲಿಲ್ಲ.

ಅರ್ಜಿಯಲ್ಲಿ ಸೊಸೆ ನಡೆದದ್ದನ್ನು ನಡೆದ ಹಾಗೇ ಬರೆದಳು. ವಿಚಾರಣೆಯ ದಿನ ಬಂತು. ಹೆಸರು ಕೂಗಿದಾಗ ಎದ್ದವಳು ಅವಳು. ನಾನೂ ಏಳಹೊರಟೆ. ದಫೇದಾರ ನನ್ನ ಕಡೆ ನೋಡಿ, "ಅಮ್ಮಾ, ನಿಮ್ಮನ್ನ ಕರೀತೀವಿ, ತಡ್ಕೊಳಿ" ಅಂದ. ನನ್ನನ್ನು ಮರೆತಿರಲಿಲ್ಲ, ಪುಣ್ಯಾತ್ಮ.

ನ್ಯಾಯಾಧೀಶರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಅರ್ಜಿ ಓದಿ ಮುಗಿಸಿ, "ಅವತ್ತು ಇವರ ಅತ್ತೆ ಬಂದಿದ್ದು ನಿಜವೇ?" ಎಂದು ಕೇಳಿದರು.

"ನಿಜ ಮೇಡಂ" ಅಂದ ದಫೇದಾರ. "ಕೂತ್ಕೊಳಿ ಅಂದ್ರೂ ಕೂತ್ಕೊಳ್ತಿರ್ಲಿಲ್ಲ."

ಆಮೇಲೆ ನನ್ನನ್ನು ಕರೆದರು. ಕತ್ತರಿಯ ಕಟ್ಟಳೆಯನ್ನು ಮೊದಲಿನಿಂದ ಬಿಡಿಸಿ ಹೇಳಿದೆ. ಯಾರೂ ನಗಲಿಲ್ಲ. "ಓಡ್ಸಿದ್ದು ನಾನು, ಬರ್ತೀನಿ ಅಂದಿದ್ದು ನಾನು, ಮುಗೀತು ಅಂತ ಮನೇಲಿ ಹೇಳಿದ್ದೂ ನಾನೇ. ಅವಳ ಅನ್ನ ಕಿತ್ಕೊಬೇಡಿ ತಾಯಿ. ಹಾಕೋದೆಲ್ಲ ನನ್ ಮೇಲೆ ಹಾಕಿ" ಅಂದೆ. ಇಡೀ ಸಂಸಾರವನ್ನು ಒಬ್ಬಳೇ ಹೊತ್ತು ನಿಂತ ಹಾಗೆ ಅನ್ನಿಸಿ, ಸುಳ್ಳೇಕೆ, ಹೆಮ್ಮೆಯೇ ಆಯಿತು.

ನ್ಯಾಯಾಧೀಶರು ಸೊಸೆಯ ಕಡೆ ತಿರುಗಿದರು. "ಕಲಿಸುವ ಕಾರಲ್ಲಿ ನಿಮ್ಮ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತೆ ಅಲ್ವಾ?"

"ಇರುತ್ತೆ ಮೇಡಂ."

"ಅವತ್ತು ಕೆಲಸ ಮಾಡ್ತಾ ಇತ್ತಾ?"

"ಚೆನ್ನಾಗಿತ್ತು."

"ಸಿಗ್ನಲ್ ಕೆಂಪಾಗಿದ್ದು ಕಾಣಲಿಲ್ವಾ?"

"ಕಾಣ್ತು ಮೇಡಂ."

ಇವಳು ಹೀಗೆ ಬಾಯಿ ಬಿಟ್ಟರೆ ಕೈಗೆ ಬಂದದ್ದು ಬಾಯಿಗೆ ಬರುತ್ತದೆಯೇ? ಶಿಷ್ಯರು ಇವಳಿಗೆ ಬ್ರೇಕ್ ಮೇಡಂ ಎಂದು ಅಡ್ಡಹೆಸರಿಟ್ಟಿದ್ದಾರೆ. ಅವರಿಗೆ ತಪ್ಪು ಗೊತ್ತಾಗುವ ಮೊದಲೇ ಇವಳ ಕಾಲು ಒತ್ತಿರುತ್ತದೆ. ಅಂಥವಳು ಕಂಡೂ ಸುಮ್ಮನಿದ್ದಳು ಎಂದರೆ ಏನರ್ಥ?

"ಕಂಡಮೇಲೆ ಯಾಕೆ ಒತ್ತಲಿಲ್ಲ?"

ಸೊಸೆ ಒಂದು ಗಳಿಗೆ ನನ್ನ ಕಡೆ ನೋಡಿದಳು. ನೋಡಿ, ನ್ಯಾಯಾಧೀಶರಿಗೆ ಹೇಳಿದಳು, "ಅದಕ್ಕಿಂತ ಮುಂಚೆ ಎರಡು ಸಲ ಒತ್ತಿದ್ದೆ ಮೇಡಂ. ಎರಡು ಸಲನೂ ಅತ್ತೆ ಕಾರು ಅಲ್ಲೇ ಬಿಟ್ಟು ಇಳಿದು, ನಡ್ಕೊಂಡು ಮನೆಗೆ ಹೋಗಿಬಿಟ್ರು. ಮಾತಾಡ್ಲಿಲ್ಲ, ಊಟಾನೂ ಸರಿಯಾಗಿ ಮಾಡ್ಲಿಲ್ಲ. ಅಂಗಡಿ ಹೋದ್ಮೇಲೆ ಅವರು ಮುಖ ಎತ್ತಿ ಕೂತಿದ್ದು ಆ ಸ್ಟೀರಿಂಗ್ ಮುಂದೇನೇ. ಮೂರನೇ ಸಲ ಒತ್ತಿದ್ರೆ ಮತ್ತೆ ಕಾರು ಹತ್ತಲ್ಲ ಅನ್ನಿಸ್ತು. ಎರಡೂ ಕಡೆ ನೋಡ್ದೆ, ಯಾರೂ ಇರ್ಲಿಲ್ಲ, ಬಿಟ್ಟೆ. ತಪ್ಪು ನಂದೇ. ಕೋರ್ಟಿಗೂ ನಾನೇ ಬರ್ಬೇಕಿತ್ತು."

ಇವಳನ್ನು ನಾನು ಕಾಯುತ್ತಿದ್ದೇನೆ ಎಂದು ಬೀಗುತ್ತಿದ್ದೆ. ಇವಳು ನನ್ನನ್ನು ಕಾದದ್ದಕ್ಕೇ ಇಷ್ಟೆಲ್ಲ ಆಗಿತ್ತು. ಕಣ್ಣಲ್ಲಿ ನೀರು ಬಂತು. ಕನ್ನಡಕ ಒರೆಸುವ ನೆವದಲ್ಲಿ ಒರೆಸಿಕೊಂಡೆ.

"ಖಾಲಿ ಅಂತ ಕಂಡ ರಸ್ತೆ ಖಾಲಿ ಇರೋದಿಲ್ಲ" ಅಂದರು ನ್ಯಾಯಾಧೀಶರು. ಸ್ವರ ಗಟ್ಟಿಯಾಗಿತ್ತು. "ನಿಮ್ಮ ಕಾರಣ ನನಗೆ ಅರ್ಥ ಆಗುತ್ತೆ. ಕಾನೂನಲ್ಲಿ ಅದಕ್ಕೆ ಜಾಗ ಇಲ್ಲ. ಸಿಗ್ನಲ್ ದಾಟಿದ ದಂಡ ಪೂರ್ತಿ ಕಟ್ಟಿ. ಇನ್ನು ತಾರೀಕು ತಪ್ಪಿದ್ದು. ಅದು ಬೇಕೂಂತ ತಪ್ಪಿಸಿಕೊಂಡಿದ್ದಲ್ಲ. ಅಮಾನತು ತೆಗೆದಿದ್ದೇನೆ. ಆದೇಶ ಇವತ್ತೇ ಹೋಗುತ್ತೆ." ಬರೆಯುತ್ತ ಬರೆಯುತ್ತ ತಲೆ ಎತ್ತದೆ ಸೇರಿಸಿದರು, "ಮತ್ತೆ ಅಮ್ಮಾ, ಯಾರ ಹೆಸರು ಕೂಗ್ತಾರೋ ಅವರೇ ಬರಬೇಕು. ಇದು ನಮ್ಮ ಅಂಗಡಿ ಕಟ್ಟಳೆ."

ತಲೆಯಾಡಿಸಿದೆ. ಬೇರೆಯವರ ಅಂಗಡಿಯಲ್ಲಿ ಅವರ ಮಾತೇ ನಡೆಯಬೇಕು.

ದಂಡ ಕಟ್ಟಿ, ಆದೇಶದ ಪ್ರತಿ ಹಿಡಿದುಕೊಂಡು, ಅಂಗಳದ ಆಚೆಗಿದ್ದ ಲೈಸೆನ್ಸ್ ಕಚೇರಿಗೆ ಹೋದೆವು. ಗಾಜಿನ ಹಿಂದೆ ಕೂತಿದ್ದ ಹುಡುಗಿ ಕಂಪ್ಯೂಟರಿನಲ್ಲಿ ಏನೋ ಹುಡುಕಿದಳು, ಕಾಯಿಸಿದಳು, ಯಾರನ್ನೋ ಕೇಳಿಕೊಂಡು ಬಂದಳು. ಕೊನೆಗೆ, "ಆಯ್ತು ಮೇಡಂ, ಸರಿ ಹೋಗಿದೆ. ಇವತ್ತಿಂದಾನೇ ಓಡಿಸ್ಬಹುದು, ಕಲಿಸ್ಬಹುದು" ಅಂದಳು. ಸೊಸೆ ತನ್ನ ಲೈಸೆನ್ಸ್ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಅಷ್ಟು ದಿನ ಬಿಗಿದುಕೊಂಡಿದ್ದ ಅವಳ ಭುಜ ಆಗ ಸಡಿಲವಾಯಿತು. ಹೊರಗೆ ಬಂದವಳೇ ಶಿಷ್ಯರಿಗೆ ಫೋನು ಮಾಡತೊಡಗಿದಳು. ಮೂವರು ನಾಳೆಯೇ ಬರುತ್ತೇವೆ ಅಂದರು, ಒಬ್ಬಾಕೆ ಬೇರೆ ಕಡೆ ಸೇರಿಯಾಗಿತ್ತು. "ಹೋಗ್ಲಿ ಬಿಡಿ, ಚೆನ್ನಾಗಿ ಕಲಿತ್ರೆ ಸಾಕು" ಅಂದಳು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಹಾಗೆ ಅನ್ನುತ್ತಿರಲಿಲ್ಲ.

ಬಸ್ಸಿನಲ್ಲಿ ಪಕ್ಕಪಕ್ಕದಲ್ಲೇ ಕೂತೆವು. ಅವಳು ಎರಡು ಮೂರು ಸಲ ನನ್ನ ಮುಖ ನೋಡಿದಳು. ಕೊನೆಗೆ ತಡೆಯಲಾರದೆ, "ಅತ್ತೆ, ಎಲ್ರ ಮುಂದೆ ಹಂಗೆ ಹೇಳಿದ್ದಕ್ಕೆ ಬೇಜಾರಾಯ್ತಾ?" ಎಂದು ಕೇಳಿದಳು.

ಬೇಜಾರಲ್ಲ. ಅವಳ ಕೈ ಹಿಡಿದುಕೊಂಡೆ. ಹಿಡಿದುಕೊಳ್ಳುವ ಅಭ್ಯಾಸ ನಮ್ಮಿಬ್ಬರಿಗೂ ಇರಲಿಲ್ಲವಾದ್ದರಿಂದ ಇಬ್ಬರೂ ಕಿಟಕಿಯ ಕಡೆ ನೋಡಿದೆವು.

"ನಾಳೆ ನನ್ನ ಪಾಠ ಎಷ್ಟು ಗಂಟೆಗೆ?" ಅಂದೆ.

"ಬೆಳಿಗ್ಗೆ ಮೊದಲನೇದು ನಿಮ್ದೇ."

"ಹ್ಞೂಂ. ಇನ್ಮೇಲೆ ಕೆಂಪು ಕಂಡ್ರೆ ಬ್ರೇಕ್ ಒತ್ತು" ಅಂದೆ. "ಎಷ್ಟು ಸಲ ಬೇಕಾದ್ರೂ ಒತ್ತು. ನಾನು ಇಳ್ದು ಹೋಗಲ್ಲ."