ಕಿವಿ ಕುಯ್ದ ಟಗರು

ಟಗರು ಯಶೋದಾಳ ದುಪಟ್ಟಾದ ಅಂಚನ್ನು ಬಾಯಿಗೆ ಹಾಕಿಕೊಂಡಿತ್ತು. ಬಿಡಿಸಿಕೊಳ್ಳುವ ಗೋಜಿಗೂ ಹೋಗದೆ ಅವಳು ಮೊಬೈಲು ಹಿಡಿದು ಜಗಲಿಯ ಮೇಲೆ ಕುಳಿತಿದ್ದಳು. ಎಂಬಿಎ ಪ್ರವೇಶ ಪರೀಕ್ಷೆಗೆ ಹೆಸರು ನೋಂದಾಯಿಸಲು ಇವತ್ತೇ ಕೊನೆ. ಅದು ತಪ್ಪಿದರೆ ಈಗಿನಂತೆಯೇ ದಿನಾ ತಾಳ್ಯದ ಬಸ್ಸು ಹತ್ತಿ ಹೋಗಿ ಹೊಳಲ್ಕೆರೆಯ ಟ್ರ್ಯಾಕ್ಟರ್ ಶೋರೂಮಿನಲ್ಲಿ ಲೆಕ್ಕ ಬರೆಯುವ ಕೆಲಸ ಇದ್ದೇ ಇತ್ತು.

ಕಳೆದ ವರ್ಷ ಅವಳು ಇದೇ ಪರೀಕ್ಷೆಗೆಂದು ದಾವಣಗೆರೆಗೆ ಹೊರಟ ಬೆಳಿಗ್ಗೆ, ಅಪ್ಪ ಗೋವಿಂದಪ್ಪ ಆಗಷ್ಟೇ ಹುಟ್ಟಿದ್ದ ಗಂಡುಮರಿಯ ಕಿವಿಯ ತುದಿ ಕುಯ್ದು ಊರ ಮಾರಮ್ಮನ ಹೆಸರಿಗೆ ಬಿಟ್ಟಿದ್ದ. ಮಗಳು ಪಾಸಾದರೆ ಮರಿ ಆ ತಾಯಿಗೆ ಬಲಿ. ಕಿವಿ ಕುಯ್ದ ಮೇಲೆ ಅದನ್ನು ಮಾರುವಂತಿಲ್ಲ, ಹರಕೆ ತೀರುವತನಕ ಕಡಿಯುವಂತೆಯೂ ಇಲ್ಲ. ಯಶೋದಾಗೆ ಬಂದ ಅಂಕಕ್ಕೆ ಯಾವ ಕಾಲೇಜೂ ಕರೆಯಲಿಲ್ಲ. ಅಪ್ಪ ನಕ್ಕುಬಿಟ್ಟಿದ್ದ.

"ಮರಿ ಸಣ್ಣದಾತು ಅಂತ ತಾಯಿ ಒಪ್ಪಿಲ್ಲ ಕಣವ್ವ. ಮುಂದಿನ ವರ್ಷ ಬರಿ. ಅಷ್ಟೊತ್ತಿಗೆ ಇದೂ ಬಲೀತೈತೆ."

ಮುಂಗಾರು ಶುರುವಾಗುವ ಹೊತ್ತಿಗೆ ಜ್ವರ ಬಂದು ಅಪ್ಪನೇ ಹೋಗಿಬಿಟ್ಟ. ಟಗರು ಮೇವು ಬಿಟ್ಟಿತು. ಸೊಪ್ಪು, ಹುರುಳಿ, ಏನಿಟ್ಟರೂ ಮೂಸಿ ಮುಖ ತಿರುಗಿಸುತ್ತಿತ್ತು. ಕೊನೆಗೊಂದು ದಿನ ಅವ್ವ ಬರಗೇರಮ್ಮ ಗೂಟಕ್ಕೆ ತೂಗುಹಾಕಿದ್ದ ಅಪ್ಪನ ಕಂಬಳಿ ಹೊದ್ದು ಬಂದು ಕೈ ಚಾಚಿದಳು. ತಿಂದಿತು. ಅವತ್ತಿನಿಂದ ಎಂಥ ಸೆಕೆಯಿದ್ದರೂ ಕಂಬಳಿ ಹೊದ್ದೇ ತಿನ್ನಿಸುತ್ತಾಳೆ. ತಿನ್ನಿಸುತ್ತ ಅದರೊಂದಿಗೆ ಏನೇನೋ ಮಾತಾಡುತ್ತಾಳೆ. ಗಂಡನೊಂದಿಗೆ ಆಡದೆ ಉಳಿದ ಮಾತು ಎಷ್ಟಿತ್ತೋ, ಪಾಪ.

ಮಧ್ಯಾಹ್ನ ಅವ್ವನ ತಮ್ಮ ಕನಕರಾಜ್ ಬಿ.ದುರ್ಗದಿಂದ ಬೈಕಿನಲ್ಲಿ ಬಂದ. ಇಳಿದವನೇ ಟಗರಿನ ಬೆನ್ನು ಒತ್ತಿ ನೋಡಿದ.

"ಭಾರಿ ಬಲ್ತೈತೆ ಕಣಕ್ಕ. ಏನವ್ವ ಯಶೋದಾ, ಈ ಸಲ ಪಾಸಾಗ್ತೀಯೋ, ಇಲ್ಲ ಇವನ ಜೀವ ಉಳಿಸ್ತೀಯೋ?"

ತಮಾಷೆಗೆ ಅಂದದ್ದು. ಯಾರೂ ನಗಲಿಲ್ಲ. ಅವ್ವ ನೀರು ತರುವ ನೆಪ ಮಾಡಿ ಒಳಗೆ ಹೋದಳು. ಏನೋ ಎಡವಟ್ಟು ಮಾತಾಡಿದೆ ಅನ್ನಿಸಿ ಮಾವ ಚಾ ಕುಡಿದವನೇ ಹೊರಟುಹೋದ.

ಯಶೋದಾಗೆ ಓದಬೇಕಿತ್ತು. ಆ ಶೋರೂಮಿನ ಕುರ್ಚಿಯಲ್ಲೇ ಮುದುಕಿಯಾಗಲು ಇಷ್ಟವಿರಲಿಲ್ಲ. ಈ ಸಲ ಪಾಸಾಗುತ್ತೇನೆಂಬ ಧೈರ್ಯವೂ ಇತ್ತು. ಅದೇ ಅವಳ ಸಂಕಟ. ಫೇಲಾಗುತ್ತೇನೆ ಅನ್ನಿಸಿದ್ದರೆ ಸುಮ್ಮನೆ ಬರೆದು ಬರಬಹುದಿತ್ತು.

"ಅವ್ವಾ, ಈ ವರ್ಷ ನಾನು ಬರೆಯಲ್ಲ."

"ಯಾಕೆ?"

"ಕೆಲಸದಾಗೆ ಪುರುಸೊತ್ತಿಲ್ಲ. ಓದಾಕೇ ಆಗಿಲ್ಲ."

"ಮತ್ತೆ ದಿನಾ ಬೆಳಗಿನ ಜಾವ ಲೈಟ್ ಹಾಕ್ಕಂಡು ಏನ್ ಮಾಡ್ತಿದ್ದೆ?"

ಯಶೋದಾ ಟಗರಿನ ಬಾಯಿಂದ ದುಪಟ್ಟಾ ಎಳೆದುಕೊಂಡಳು. ಅಂಚೆಲ್ಲ ಒದ್ದೆಯಾಗಿತ್ತು.

"ಅಪ್ಪ ಹೋಗಿದ್ದು ಸಾಲ್ದೇನವ್ವ. ಇದನ್ನೂ ನಿನ್ನ ಕೈಯಿಂದ ನಾನೇ ಕಸ್ಕಳ್ಳಾ?"

ಅವ್ವ ಬಂದು ಪಕ್ಕದಲ್ಲಿ ಕುಳಿತಳು. ಟಗರಿನ ಮೊಂಡು ಕಿವಿಯನ್ನು ಬೆರಳಿನಿಂದ ಸವರುತ್ತಿದ್ದಳು.

"ನಿಮ್ಮಪ್ಪ ಇದರ ಕಿವಿ ಕುಯ್ದಿದ್ದು ನೀನು ಇಲ್ಲೇ ಕುಂತಿರ್ಲಿ ಅಂತ ಅಲ್ಲ," ಎಂದಳು. "ಬರಿ."

"ಆಮೇಲೆ ನೀನೊಬ್ಳೇ ಏನ್ ಮಾಡ್ತೀಯ?"

"ಬರಿ ಅಂದ್ನಲ್ಲ."

ಯಶೋದಾ ಅಲ್ಲೇ ಕುಳಿತು ಹೆಸರು, ವಿಳಾಸ ತುಂಬಿದಳು. ತಂದೆಯ ಹೆಸರು ಕೇಳಿದಲ್ಲಿ ಕಣ್ಣು ಮಂಜಾಯಿತು. ಒರೆಸಿಕೊಂಡು ಬರೆದಳು. ನೋಂದಣಿಯಾದ ಸಂದೇಶ ಬರುವಷ್ಟರಲ್ಲಿ ಸಂಜೆಯಾಗಿತ್ತು. ಟಗರಿಗೆ ಮೇವಿನ ಹೊತ್ತು.

ಅವ್ವ ಗೂಟದಿಂದ ಕಂಬಳಿ ಇಳಿಸಿದಳು. ಹೊದೆಯಲಿಲ್ಲ. ಎರಡು ಸಲ ಕೊಡವಿ, ಮಡಚಿ, ಟ್ರಂಕಿನಲ್ಲಿಟ್ಟು ಮುಚ್ಚಿದಳು.

"ಯಾಕವ್ವ?"

"ನಂಗೆ ರೂಢಿ ಆಗ್ಲಿ."

ಬೊಗಸೆ ತುಂಬ ಹುರುಳಿ ಹಿಡಿದು, ಬರೀ ಸೀರೆಯಲ್ಲಿ ಅಂಗಳಕ್ಕಿಳಿದಳು. ಟಗರು ಅವಳ ಕೈ ಮೂಸಿತು. ತಲೆಯೆತ್ತಿ ಅವಳ ಹೆಗಲು ಮೂಸಿತು. ಆಮೇಲೆ ಮುಖ ತಿರುಗಿಸಿ ಬಾಗಿಲ ಕಡೆ ನೋಡುತ್ತ ನಿಂತಿತು. ಅವ್ವ ಕೈ ಹಿಂದಕ್ಕೆ ತೆಗೆಯಲಿಲ್ಲ.