ಮಲ್ಲಿಗೆ ಬುಡದ ಸೊಪ್ಪು

ಗಲ್ಫಿನ ಅರಾದ್ ಎಂಬಲ್ಲಿನ ಬಾಡಿಗೆ ಮನೆಯ ಅಂಗಳದಲ್ಲಿ ತೊಂಡೆ ಬಳ್ಳಿ ನೆಟ್ಟವಳು ನೀರಜಾಕ್ಷಿಯೇ. ಗಂಡ ತಾರಾನಾಥನಿಗೆ ತೊಂಡೆಕಾಯಿ ಪಲ್ಯವೆಂದರೆ ಪ್ರಾಣ. ರಜೆ ಮುಗಿಸಿ ಬರುವಾಗ ಊರಿನ ಬೇಲಿಯಿಂದ ಒಂದು ತುಂಡು ಕತ್ತರಿಸಿ, ಒದ್ದೆ ಬಟ್ಟೆ ಸುತ್ತಿ, ಹಪ್ಪಳದ ಕಟ್ಟಿನ ನಡುವೆ ಇಟ್ಟು ತಂದಿದ್ದಳು. ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಬರುವವರಿಗೆ ಅದು ಕೆಂಡವೆಂದು ಗೊತ್ತಿರುತ್ತದೆಯೇ?

ಬಳ್ಳಿ ಗೋಡೆ ಹತ್ತಿತು, ಎಸಿಯ ಪೆಟ್ಟಿಗೆಯನ್ನು ತಬ್ಬಿತು, ಬಟ್ಟೆ ಒಣಗಿಸುವ ಹಗ್ಗವನ್ನೂ ಬಿಡಲಿಲ್ಲ. ಇಲ್ಲಿನ ಬಿಸಿಲಿಗೆ ಮನುಷ್ಯರು ಬಾಡಿದರೂ ಆ ಮಾರಿ ಬಾಡಲಿಲ್ಲ. ಕೊನೆಗೆ ಮೂಲೆಯ ಮಲ್ಲಿಗೆಗೂ ಸುತ್ತಿಕೊಂಡಿತು.

ಆ ಮಲ್ಲಿಗೆ ನೀರಜಾಕ್ಷಿಯ ಅಮ್ಮ ನೆಟ್ಟದ್ದು. ಹಿಂದೊಮ್ಮೆ ವಿಸಿಟ್ ವೀಸಾದಲ್ಲಿ ಬಂದಿದ್ದಾಗ ಊರಿನ ಗಿಡದಿಂದ ಗೆಲ್ಲು ಮುರಿದು ತಂದು, ಉಪ್ಪು ಮಣ್ಣನ್ನು ತೆಗೆಸಿ, ಮಗುವನ್ನು ಮಲಗಿಸುವ ಹಾಗೆ ಊರಿ ಹೋಗಿದ್ದರು. ಆಮೇಲೆ ಅಮ್ಮ ತೀರಿಕೊಂಡಾಗ ನೀರಜಾಕ್ಷಿಯ ಪಾಸ್‌ಪೋರ್ಟ್ ನವೀಕರಣಕ್ಕೆ ಹೋಗಿತ್ತು. ಕೊನೆಯ ಸಲ ಮುಖ ನೋಡುವ ಭಾಗ್ಯವೂ ಇಲ್ಲವಾಯಿತು. ಅಮ್ಮನ ಕೈಯದ್ದೆಂದು ಉಳಿದದ್ದು ಅದೊಂದೇ ಗಿಡ.

ಪಕ್ಕದ ಮನೆಯ ಆಯಿಶಮ್ಮ, ಉಳ್ಳಾಲದವರು, ಒಮ್ಮೆ ಆಸೆಯಿಂದ ಕೇಳಿದ್ದರು: "ನೀರಜಕ್ಕ, ಮಲ್ಲಿಗೆದ್ದು ಒಂದು ಗೆಲ್ಲು ನಂಗೂ ಕೊಡ್ತೀರಾ?" ಅಮ್ಮನ ಗಿಡಕ್ಕೆ ಕತ್ತಿ ತಾಗಿಸಲು ಮನಸ್ಸಾಗದೆ ಇವಳು ಮಾತು ಮರೆಸಿ, ತೊಂಡೆ ಬಳ್ಳಿಯ ತುಂಡು ಕೊಟ್ಟು ಕಳಿಸಿದ್ದಳು.

ಒಂದು ಶುಕ್ರವಾರ ನೀರಜಾಕ್ಷಿ ಸೆರಗು ಕಟ್ಟಿ, ಕತ್ತಿ ಹಿಡಿದು ತೊಂಡೆಯನ್ನು ಬುಡದಿಂದ ಕಡಿದಳು. ಅಂಗಳದಲ್ಲಿ ಸೊಪ್ಪಿನ ರಾಶಿ ಬಿತ್ತು.

"ಕವರಿಗೆ ತುಂಬಿಸಿ ಕಸಕ್ಕೆ ಬಿಸಾಡು ಮಾರಾಯ್ತಿ," ಎಂದ ತಾರಾನಾಥ.

"ಹಸಿ ಸೊಪ್ಪು ಯಾರಾದ್ರೂ ಬಿಸಾಡ್ತಾರಾ? ಅಮ್ಮ ಇದ್ದಿದ್ರೆ ಬೈತಿದ್ರು."

ಊರಲ್ಲಿ ಮಲ್ಲಿಗೆ ಬುಡಕ್ಕೆ ಸೊಪ್ಪು ಹಾಕಿ ಮಣ್ಣು ಮುಚ್ಚುವುದನ್ನು ಅಮ್ಮನಿಂದಲೇ ಕಲಿತವಳು. ಬಳ್ಳಿಯನ್ನು ಗೇಣುದ್ದಕ್ಕೆ ಕೊಚ್ಚಿ, ಗಿಡದ ಸುತ್ತ ಹರಡಿ, ಮಣ್ಣು ಎಳೆದು, ದಿನವೂ ಪ್ರೀತಿಯಿಂದ ನೀರು ಹಾಕಿದಳು. ತೊಂಡೆಗೆ ಗಂಟುಗಂಟಿಗೂ ಜೀವ ಎನ್ನುವುದು ಆಗ ಅವಳಿಗೆ ಹೊಳೆಯಲೇ ಇಲ್ಲ.

ತುಂಡುಗಳೆಲ್ಲ ಚಿಗುರಿದವು. ಕಿತ್ತರೆ ಕುಡಿ ಮಾತ್ರ ಕೈಗೆ ಬರುತ್ತಿತ್ತು, ಬೇರು ಒಳಗೇ ದಪ್ಪವಾಗುತ್ತಿತ್ತು. ಬೇಸಿಗೆ ಕಳೆಯುವಷ್ಟರಲ್ಲಿ ಮಲ್ಲಿಗೆಯ ಎಲೆ ಹಳದಿಯಾಗಿ ಉದುರತೊಡಗಿತು. ಗಾಬರಿಬಿದ್ದು ಮಣ್ಣು ಬಗೆದರೆ ಎರಡರ ಬೇರೂ ಸಿಕ್ಕು ಜಡೆಯಾಗಿತ್ತು. ತೊಂಡೆಯ ಗೆಡ್ಡೆ ಹಿಡಿದು ಜಗ್ಗಿದಳು. ಮಲ್ಲಿಗೆಯೂ ಜೊತೆಗೇ ಬಂತು. ಒಣಗಿದ ಪುರಲೆ ಕಡ್ಡಿಯಷ್ಟು ಹಗುರ. ತೊಗಟೆ ಗೀರಿದಲ್ಲೆಲ್ಲ ಕಂದು, ಹಸಿರೆಂಬುದೇ ಇಲ್ಲ. ಮಡಿಲಲ್ಲಿಟ್ಟುಕೊಂಡು ಅತ್ತಳು. ಸಾವಿನ ಮನೆಗೆ ಹೋಗಲಾಗದವಳ ಅಳುವೆಲ್ಲ ಆಗ ಬಂತು.

"ಅಳ್ಬೇಡ, ಊರಿಂದ ಬೇರೆ ತರುವ," ಎಂದ ತಾರಾನಾಥ.

"ಅಮ್ಮನನ್ನೂ ತರ್ತೀರಾ?"



ಗೇಟಿನ ಸದ್ದಾಯಿತು. ಆಯಿಶಮ್ಮ ತುಂಬಿದ ಚೀಲ ಹಿಡಿದು ನಗುತ್ತಾ ಬಂದರು. "ನೀರಜಕ್ಕ, ನೀವು ಕೊಟ್ಟ ಬಳ್ಳಿದೇ ತೊಂಡೆಕಾಯಿ. ಎಷ್ಟು ಕೊಯ್ದರೂ ಮುಗಿಯುದಿಲ್ಲ ನೋಡಿ!"

ನೀರಜಾಕ್ಷಿ ಮಣ್ಣಿನ ಕೈಯಲ್ಲೇ ಚೀಲ ತೆಗೆದುಕೊಂಡಳು. ಅಂದು ಅವರು ಕೇಳಿದ್ದನ್ನೇ ಕೊಟ್ಟಿದ್ದರೆ, ಇಂದು ಅವರ ಅಂಗಳಕ್ಕೆ ಹೋಗಿ ಅಮ್ಮನ ಮಲ್ಲಿಗೆಯದೊಂದು ಗೆಲ್ಲು ತಾನೇ ಬೇಡಬಹುದಿತ್ತು.