ಹನ್ನೊಂದನೇ ಮಂಚ

ಸೊಪ್ಪು ಮಾರುವವಳು ಜೀವಮಾನದಲ್ಲಿ ಒಂದೇ ಸಲ ಆಸ್ಪತ್ರೆಯಲ್ಲಿ ಮಲಗಿದ್ದಳು, ಅದೂ ಕಾಯಿಲೆಯಿಲ್ಲದೆ. ನಾಲ್ಕು ವರ್ಷದ ಹಿಂದೆ ನರ್ಸಿಂಗ್ ಕಾಲೇಜಿನ ವ್ಯಾನು ಊರಿಗೆ ಬಂದಿತ್ತು. ತಪಾಸಣೆಯವರು ಬರುವ ದಿನ ಕಾಲೇಜಿನ ಆಸ್ಪತ್ರೆಯ ಮಂಚಗಳಲ್ಲಿ ರೋಗಿಗಳಿರಬೇಕಲ್ಲ, ಅದಕ್ಕೆ ಇಪ್ಪತ್ತು ಜನರನ್ನು ತುಂಬಿಕೊಂಡು ಹೋಗಿತ್ತು. ಹನ್ನೊಂದನೇ ಮಂಚ, ಹೊಟ್ಟೆನೋವು ಇವಳ ಪಾಲಿಗೆ ಬಂದವು. ಬಿಳಿಬಟ್ಟೆಯ ಹುಡುಗಿಯೊಬ್ಬಳು ದುಪ್ಪಟಿ ಹೊದಿಸಿ, "ಆರಾಮಾ ಅಮ್ಮಾ?" ಎಂದಳು. ಹಾಗೆ ಕೇಳಿದವರು ಅಲ್ಲಿಯತನಕ ಯಾರೂ ಇರಲಿಲ್ಲ. ಮಗಳನ್ನು ಇಲ್ಲಿಯೇ ಓದಿಸಬೇಕೆಂದು ಮಲಗಿದಲ್ಲೇ ನಿಶ್ಚಯಿಸಿದಳು.

ಮಗಳು ಹನ್ನೆರಡನೇ ತರಗತಿ ಮುಗಿಸಿದಾಗ ಮೇಷ್ಟ್ರು ರಾಜ್ಯದ ನರ್ಸಿಂಗ್ ಕಾಲೇಜುಗಳ ಪಟ್ಟಿ ತಂದರು.

"ನೋಡಮ್ಮ, ಮೂರು ವರ್ಷದ ಡಿಪ್ಲೊಮಾ, ನಾಲ್ಕು ವರ್ಷದ ಡಿಗ್ರಿ, ಎಲ್ಲಾ ಇದೆ. ನೀನು ಹೇಳೋ ಕಾಲೇಜೊಂದೇ ಇಲ್ಲ."

"ಪಟ್ಟಿ ಬರೆದೋರು ಅಲ್ಲಿ ಮಲಗಿದ್ರಾ ಮೇಷ್ಟ್ರೇ? ನಾನು ಮಲಗಿ ಬಂದೋಳು!"

ಮೇಷ್ಟ್ರು ತಲೆ ಕೆರೆದುಕೊಂಡು ಹೋದರು. ಖಾಲಿ ಮಂಚ ತುಂಬಲಿಕ್ಕೆ ತನ್ನನ್ನು ಕರೆದೊಯ್ದಿದ್ದರೆಂಬುದು ಅವಳಿಗೆ ಗೊತ್ತಿತ್ತು. ಮರುದಿನ ಆ ಮಂಚ ಮತ್ತೆ ಖಾಲಿಯಾಗಿರುತ್ತದೆಂಬುದು ಮಾತ್ರ ಹೊಳೆದಿರಲಿಲ್ಲ.

ಅದೇ ಕಾಲೇಜಿಗೆ ಸೇರಿದ ಮಗಳು ಮೂರು ವರ್ಷ ರಬ್ಬರ್ ಬೊಂಬೆಗೆ ಸೂಜಿ ಚುಚ್ಚಿದಳು. ಕೊನೆಯ ಪರೀಕ್ಷೆ ಹತ್ತಿರವಾದಾಗ ಸುದ್ದಿ ಬಂತು: ಕಾಲೇಜಿಗೆ ಮಾನ್ಯತೆ ಸಿಗದಿದ್ದರೆ ಪರೀಕ್ಷೆಯಿಲ್ಲ. ಪಟ್ಟಿಯಲ್ಲಿದ್ದ ಕಾಲೇಜುಗಳಿಗೆಲ್ಲ ಮಗಳು ಫೋನು ಮಾಡಿದಳು. ಎಲ್ಲರದೂ ಒಂದೇ ಮಾತು, ಮೊದಲ ವರ್ಷದಿಂದ ಬಾ. ಇನ್ನೊಂದು ತಪಾಸಣೆ ಉಳಿದಿತ್ತು. ಅದೊಂದೇ ಆಸೆಯ ಎಳೆ.

ವ್ಯಾನು ಮತ್ತೆ ಬಂತು.

"ಬಾರಕ್ಕ ಹಳೇ ರೋಗಿ! ಹೊಟ್ಟೆನೋವು ಬೇಜಾರಾಗಿದ್ರೆ ಈ ಸಲ ಎದೆನೋವು ತಗೋ" ಎಂದ ಡ್ರೈವರು. ಒಳಗಿದ್ದವರೆಲ್ಲ ನಕ್ಕರು. ಅವಳು ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು ಹತ್ತಿದಳು.

ತಪಾಸಣೆಯ ಮೇಡಂ, ಈ ಸಲವೂ ಅವಳು ಮಲಗಿದ್ದ ಹನ್ನೊಂದನೇ ಮಂಚದ ಬಳಿ ನಿಂತರು. ಸಾಲಿನಲ್ಲಿದ್ದ ಹುಡುಗಿಯರ ಪೈಕಿ ಒಬ್ಬಳತ್ತ ಬೆರಳು ತೋರಿಸಿ, "ಈ ಅಮ್ಮನ ಬಿಪಿ ನೋಡು" ಎಂದರು. ಆ ಬೆರಳು ತೋರಿಸಿದ್ದು ಮಗಳನ್ನೇ.

ಮಗಳು ತೋಳಿಗೆ ಬಿಪಿಯ ಬಟ್ಟೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಬೊಂಬೆಯ ತೋಳು ಅಲುಗುತ್ತಿರಲಿಲ್ಲ, ಈ ತೋಳು ನೆರವಾಗಲು ತಾನೇ ಮೇಲೇಳುತ್ತಿತ್ತು.

"ಏನೂ ಕೇಳಿಸ್ತಿಲ್ಲ ಮೇಡಂ."

"ಇಲ್ಲಿವರೆಗೆ ಎಷ್ಟು ರೋಗಿಗಳಿಗೆ ನೋಡಿದ್ದೀಯ?"

ಮಗಳು ಮತ್ತೆ ಬಟ್ಟೆ ಬಿಚ್ಚತೊಡಗಿದಳು. ಸೊಪ್ಪು ಮಾರುವವಳಿಗೆ ತಡೆಯಲಾಗಲಿಲ್ಲ.

"ಚೆನ್ನಾಗಿ ನೋಡ್ತಾಳೆ ತಾಯೀ! ನೀವು ನಿಂತಿದ್ದೀರಲ್ಲ, ಗಾಬರಿ ಆಗಿದೆ ಅಷ್ಟೇ. ಚಿಕ್ಕೋಳಿದ್ದಾಗಿಂದ್ಲೂ ನನ್ನ ಮಗಳು..."

ಅಲ್ಲಿಗೆ ನಾಲಿಗೆ ಕಚ್ಚಿಕೊಂಡಳು.

ಮೇಡಂ ಅವಳ ಮುಖ ನೋಡಿದರು, ಮಗಳ ಮುಖ ನೋಡಿದರು. ದುಪ್ಪಟಿಯ ತುದಿ ಎತ್ತಿದರು. ಅಂಗಾಲಲ್ಲಿ ಬೆಳಗಿನ ಗದ್ದೆಯ ಕೆಸರು ಇನ್ನೂ ಒಣಗಿರಲಿಲ್ಲ. ಬೈಯಲಿಲ್ಲ. ದುಪ್ಪಟಿ ಇಳಿಸಿ, ಪುಸ್ತಕದಲ್ಲಿ 'ರೋಗಿಗಳಿಲ್ಲ' ಎಂದು ಒಂದು ಸಾಲು ಬರೆದು, ಉಳಿದ ಮಂಚಗಳತ್ತ ತಿರುಗಿಯೂ ನೋಡದೆ ಹೊರಟರು. ಹುಡುಗಿಯರ ಸಾಲು ಮೆಲ್ಲಗೆ ಕರಗಿತು.

ಮಗಳು ಬಿಪಿಯ ಬಟ್ಟೆಯನ್ನು ಕಲಿಸಿಕೊಟ್ಟ ಹಾಗೆಯೇ ಅಚ್ಚುಕಟ್ಟಾಗಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. ತಾಯಿಯತ್ತ ನೋಡದೆ ಹೋದಳು.

ಎದ್ದೇಳು ಎಂದು ಯಾರೂ ಹೇಳಲಿಲ್ಲ. ಸೊಪ್ಪು ಮಾರುವವಳು ಮಲಗಿಯೇ ಇದ್ದಳು.